ಪಾಲಾದ ಕಂಪ್ಯೂಟರು

"ಪಾಲು ಮಾಡ್ತಾ ಇದ್ದೇನೆ ಭಾವ" ಅಂತ ಫೋನಿನಲ್ಲಿ ಗಟ್ಟಿಯಾಗಿ ಹೇಳಿದ್ದು ನನ್ನದೇ ತಪ್ಪು. ಒಳಗೆ ದೋಸೆ ಎರೆಯುತ್ತಿದ್ದ ಅಮ್ಮ ಸಟ್ಟುಗ ಹಿಡಿದುಕೊಂಡೇ ಚಾವಡಿಗೆ ಬಂದರು.

"ಯಾರಿಗೆ ಎಷ್ಟು?"

"ಮಗಳಿಗೆ ಅರುವತ್ತು, ಉಳಿದದ್ದು ನನಗೆ."

"ತಮ್ಮನ ಹತ್ರ ಒಂದು ಮಾತು ಕೇಳಿದ್ದೀಯಾ?"

ಅರುವತ್ತು ಅಂದರೆ ಸೆಂಟ್ಸ್ ಅಲ್ಲ, ಜಿಬಿ. ಪಾಲಾಗುವುದು ತೋಟ ಅಲ್ಲ, ಕಂಪ್ಯೂಟರಿನ ಹಾರ್ಡ್ ಡಿಸ್ಕ್ ಅಂತ ಬಿಡಿಸಿ ಹೇಳುವಷ್ಟರಲ್ಲಿ ದೋಸೆ ಕರಂಚಿ ಹೋಗಿತ್ತು.

ಕಾಸರಗೋಡಿನ ಕನ್ನಡ ಮಾಧ್ಯಮದ ಮಕ್ಕಳಿಗೂ ಕೇರಳದ ಪಠ್ಯವೇ. ಐಟಿ ಪಾಠ ಪೂರಾ ಉಬುಂಟುವಿನಲ್ಲಿ, ಅಂದರೆ ವಿಂಡೋಸಿನ ಹಾಗೆಯೇ ಕಂಪ್ಯೂಟರನ್ನು ನಡೆಸುವ ಇನ್ನೊಂದು ವ್ಯವಸ್ಥೆಯಲ್ಲಿ. ಇಂಕ್‌ಸ್ಕೇಪಿನಲ್ಲಿ ಚಿತ್ರ, ಪೈತಾನಿನಲ್ಲಿ ಪ್ರೋಗ್ರಾಂ, ಹತ್ತನೇ ಕ್ಲಾಸಿನ ಪ್ರಾಕ್ಟಿಕಲ್ ಪರೀಕ್ಷೆಯೂ ಅದರಲ್ಲೇ. ನನಗೋ ಕನ್ನಡ ಟೈಪಿಸುವ ‘ನುಡಿ’ ತಂತ್ರಾಂಶ ಇಲ್ಲದೆ ಒಂದು ಸಾಲು ಬರೆಯಲಿಕ್ಕಾಗದು, ಅದಕ್ಕೆ ವಿಂಡೋಸ್ ಬೇಕು. ಇರಲಿ, ಎರಡೂ ಇರಲಿ ಅಂತ ತೀರ್ಮಾನವಾಯಿತು. 1956ರ ನವೆಂಬರ್ 1ಕ್ಕೆ ನಮ್ಮ ಅಜ್ಜ ಮಲಗಿದಲ್ಲೇ ಮದರಾಸು ರಾಜ್ಯದಿಂದ ಕೇರಳಕ್ಕೆ ಬಂದವರು. ಮನೆಯೊಳಗೆ ಒಂದು ಭಾಷೆ, ಆಫೀಸಿನಲ್ಲಿ ಇನ್ನೊಂದು ಅಂತ ನಡೆಸಿಕೊಂಡು ಹೋಗುವುದು ನಮಗೆ ಹೊಸತೇನಲ್ಲ.

ಭಾವ ಫೋನಿನಲ್ಲೇ ಹೇಳಿಕೊಟ್ಟ, ಕೆಲಸ ಸಲೀಸಾಗಿ ಮುಗಿಯಿತು. ಕಂಪ್ಯೂಟರು ಹೊತ್ತಿಸಿದರೆ ಯಾವುದು ಬೇಕು ಅಂತ ಕೇಳಿ ಹತ್ತು ಸೆಕೆಂಡು ಕಾಯುತ್ತಿತ್ತು. ನಾನು ಕನ್ನಡಕ ಹುಡುಕಿ ತರುವಷ್ಟರಲ್ಲಿ ತಾನಾಗಿ ಉಬುಂಟುವಿಗೆ ಹೋಗಿಬಿಡುತ್ತಿತ್ತು, ಅದೊಂದೇ ತಕರಾರು.

ಮೂರು ತಿಂಗಳಲ್ಲಿ ನನ್ನ ಪಾಲು ಯಕ್ಷಗಾನದ ವಿಡಿಯೋಗಳಿಂದ ತುಂಬಿತು. ವಿಂಡೋಸಿನಲ್ಲಿ ಡಿಸ್ಕ್ ಮ್ಯಾನೇಜ್‌ಮೆಂಟ್ ತೆರೆದು ನೋಡಿದರೆ ಸಿ, ಡಿ ಎರಡರ ಆಚೆ ಹೆಸರಿಲ್ಲದ, ಅಕ್ಷರವೂ ಇಲ್ಲದ ಒಂದು ತುಂಡು ಕಂಡಿತು. ಉಬುಂಟು ಇರುವ ಜಾಗದ ಲಿಪಿ ವಿಂಡೋಸಿಗೆ ಓದಲು ಬರುವುದಿಲ್ಲ. ಅದರ ಲೆಕ್ಕದಲ್ಲಿ ಅದು ಬರೀ ಪಡ್ಪು, ಬೀಳುಬಿದ್ದ ನೆಲ. ನನ್ನ ಲೆಕ್ಕದಲ್ಲಿ ಕುಮ್ಕಿ, ಅಂದರೆ ಸ್ವಂತ ವರ್ಗಜಾಗಕ್ಕೆ ತಾಗಿಕೊಂಡ ಸರಕಾರಿ ಜಾಗ. ವರ್ಗಜಾಗದ ಬದಿಯಲ್ಲಿ ಕುಮ್ಕಿ ಕಂಡರೆ ಬೇಲಿಯನ್ನು ತುಸು ಆಚೆ ಹಾಕುವುದು ನಮ್ಮ ಕಡೆಯವರ ರಕ್ತದಲ್ಲೇ ಉಂಟು. ಡಿಲೀಟ್ ಒತ್ತಿದೆ. ಅದು ನಾನೇ ಮಗಳಿಗೆ ಕೊಟ್ಟ ಪಾಲು ಅಂತ ಆ ಗಳಿಗೆಯಲ್ಲಿ ಹೊಳೆಯಲಿಲ್ಲ ಅಂದರೆ ಹೆಂಡತಿ ಇವತ್ತಿಗೂ ನಂಬುವುದಿಲ್ಲ.

ಮರುದಿನ ಕಪ್ಪು ಪರದೆ. "ನೋ ಸಚ್ ಪಾರ್ಟಿಶನ್." ಕೆಳಗೆ "ಗ್ರಬ್ ರೆಸ್ಕ್ಯೂ". ರೆಸ್ಕ್ಯೂ ಅಂತ ಬರೆದದ್ದು ಕಂಡು ಧೈರ್ಯದಿಂದ "ಹೆಲ್ಪ್" ಅಂತ ಟೈಪಿಸಿದೆ. ಹೆಲ್ಪ್ ಅಂದರೆ ಎಂತದೆಂದು ಗೊತ್ತಿಲ್ಲ ಅಂದಿತು.

ಆಮೇಲೆ ಭಾವ ವಿವರಿಸಿದ. ಈ ಗ್ರಬ್ ಎಂಬವನು ಬಾಗಿಲು ಕಾಯುವವ. ನಿಲ್ಲುವುದು ಡಿಸ್ಕಿನ ಮೊದಲ ಮೆಟ್ಟಿಲಲ್ಲಿ, ಬೀಗದ ಕೈಗೊಂಚಲು ಇಟ್ಟುಕೊಂಡದ್ದು ಉಬುಂಟುವಿನ ಕೋಣೆಯಲ್ಲಿ. ಆ ಕೋಣೆಯನ್ನೇ ನಾನು ಕೆಡವಿದ್ದೆ. ವಿಂಡೋಸಿಗೆ ಏನೂ ಆಗಿರಲಿಲ್ಲ. ಅದು ಒಳಗೆ ಸುಖವಾಗಿತ್ತು, ನಾನು ಜಗಲಿಯಲ್ಲಿ.

ಮಗಳು ಶಾಲೆ ಬಿಟ್ಟು ಬಂದು ನೋಡಿದಳು. ಬೈಯಲಿಲ್ಲ. ಬೈದಿದ್ದರೆ ವಾಸಿಯಿತ್ತು. "ಅಪ್ಪಾ, ನನ್ನ ಇಂಕ್‌ಸ್ಕೇಪಿನ ಪೋಸ್ಟರು ಅದರಲ್ಲಿತ್ತು" ಅಂತ ಮಾತ್ರ ಹೇಳಿ, ಪೆನ್‌ಡ್ರೈವ್ ಸಿಕ್ಕಿಸಿ, ಖಾಲಿಯಾದ ಜಾಗದಲ್ಲೇ ಮತ್ತೆ ಉಬುಂಟು ಕೂರಿಸಿದಳು. ಗ್ರಬ್ ಎದ್ದ, ವಿಂಡೋಸೂ ಸಿಕ್ಕಿತು. ನನ್ನ ಮೌಸನ್ನು ಮಾತ್ರ ಎರಡು ದಿನ ಅವಳೇ ಬ್ಯಾಗಿನಲ್ಲಿ ಇಟ್ಟುಕೊಂಡಿದ್ದಳು.

ಸಂಜೆ ಏಳಕ್ಕೆ ದೀಪ ಹಚ್ಚಿ ಬಂದ ಅಮ್ಮ ಪರದೆಯ ಮೂಲೆ ನೋಡಿ ನಿಂತರು. "ಒಂದೂವರೆಗೇ ಕತ್ತಲಾಯಿತಾ?"

ನಿಜವಾಗಿ ವಿಂಡೋಸಿನಲ್ಲಿ ಮಧ್ಯಾಹ್ನ 1:30. ಕಂಪ್ಯೂಟರಿನ ಹೊಟ್ಟೆಯಲ್ಲಿ ಇರುವುದು ಒಂದೇ ಗಡಿಯಾರ. ಉಬುಂಟು ಅದಕ್ಕೆ ಗ್ರೀನಿಚ್ಚಿನ ಹೊತ್ತು ಇಡುತ್ತದೆ, ವಿಂಡೋಸ್ ಅದನ್ನೇ ಮನೆಯ ಹೊತ್ತು ಅಂತ ಓದುತ್ತದೆ. ನಡುವೆ ಐದೂವರೆ ಗಂಟೆ.

"ಆವತ್ತೇ ಹೇಳಿದೆ, ಪಾಲು ಬೇಡ ಅಂತ" ಅಂದರು ಅಮ್ಮ.

ಮಗಳು ಉಬುಂಟುವಿಗೆ ಹೋಗಿ ಒಂದು ಸಾಲು ಟೈಪಿಸಿದಳು. ಈಗ ಎರಡೂ ಕಡೆ ಏಳು ಗಂಟೆ. ಅಮ್ಮ ಮಾತ್ರ ಗೋಡೆಯ ಗಡಿಯಾರ ನೋಡಿಯೇ ಅನ್ನಕ್ಕಿಟ್ಟರು.