ಸವೆದ ಉಂಗುರ ಹಾಗೇ ಇರಲಿ
ಅಜ್ಜಿಯ ಸವೆದ ಉಂಗುರವನ್ನು ಕರಗಿಸದೆ, ಅದನ್ನು ತೊಟ್ಟುಕೊಂಡೇ ಹೊಸ ಒಡವೆಗಳ ಚಿತ್ರ ಬರೆಯುತ್ತೇನೆ ಎಂದು ಒಡವೆ ಡಿಸೈನರ್ ಒಬ್ಬರು ಹೇಳಿದ್ದು ನನಗೆ ತುಂಬಾ ಹಿಡಿಸಿತು. ಅಪ್ಪಟ ಚಿನ್ನ ತೀರಾ ಮೆದು. ಅದಕ್ಕೇ 22 ಕ್ಯಾರೆಟ್ ಒಡವೆಯಲ್ಲಿ ಚಿನ್ನ ಶೇ. 91.6ರಷ್ಟು, ಉಳಿದದ್ದು ತಾಮ್ರ, ಬೆಳ್ಳಿಯಂಥ ಲೋಹ. ಆದರೂ ವರ್ಷಗಟ್ಟಲೆ ತೊಟ್ಟರೆ ಸವೆಯುತ್ತದೆ. ತೊಟ್ಟವರ ದುಡಿಮೆಯೆಲ್ಲ ಆ ಸವೆತದಲ್ಲೇ ಇರುತ್ತದೆ, ಅಲ್ವಾ? ಕರಗಿಸಿದರೆ ಚಿನ್ನ ಸಿಗುತ್ತದೆ, ಅವರ ಗುರುತು ಹೋಗುತ್ತದೆ. ವಿಕ್ಟೋರಿಯಾ ರಾಣಿಯ ಕಾಲದ ಇಂಗ್ಲೆಂಡಿನಲ್ಲಿ ತೀರಿಕೊಂಡವರ ಕೂದಲನ್ನು ಲಾಕೆಟ್ಟಿನಲ್ಲಿ ಇಟ್ಟುಕೊಳ್ಳುತ್ತಿದ್ದರು. (ಆ ಆಸೆ ನನಗೆ ಚೆನ್ನಾಗಿ ಅರ್ಥವಾಗುತ್ತದೆ.) ಹಳೆಯ ಒಡವೆ ಇರುವವರಿಗೆ ಒಂದು ಮಾತು: ಸುಮ್ನೆ ಜಾಸ್ತಿ ಪಾಲಿಶ್ ಮಾಡಿಸಬೇಡಿ. ಉಜ್ಜಿದಷ್ಟೂ ಮೇಲಿನ ಲೋಹ ಹೋಗುತ್ತದೆ, ಕೆತ್ತಿದ ಹೆಸರೂ ಅಳಿಸುತ್ತದೆ.