ಬೇಸಿಗೆಯ ಕಡಲಿಗೆ ಗಾಳ ಹಾಕುವುದೆಂಬ ಶಿಕ್ಷೆ

ಇವತ್ತೂ ಗಾಳಕ್ಕೆ ಎರೆಯೆಂದು ಬಕೆಟ್ಟಿನಲ್ಲಿಟ್ಟಿದ್ದ ಜೀವಂತ ಸಿಗಡಿಯೆಲ್ಲ ಬಿಸಿಲೇರುವ ಮೊದಲೇ ಸತ್ತು ಬೆಳ್ಳಗಾದವು. ಸಾಕಾಗಿ ಹೋಗಿದೆ! ಕಡಲ ನೀರು 30 ಡಿಗ್ರಿ ಮುಟ್ಟಿದರೆ ಅದರಲ್ಲಿ ಕರಗುವ ಆಮ್ಲಜನಕವೇ ಲೀಟರಿಗೆ ಸುಮಾರು 6 ಮಿಲಿಗ್ರಾಂ. ಅದೇ ಶಾಖಕ್ಕೆ ಸಿಗಡಿಗೆ ಬೇಕಾಗುವ ಆಮ್ಲಜನಕ ಮಾತ್ರ ಹೆಚ್ಚುತ್ತದೆ. ಗಾಳಿ ಪಂಪು ಗುಳುಗುಳು ಅನ್ನುತ್ತಲೇ ಇರುತ್ತದೆ, ಒಳಗೆ ಒಂದೊಂದೇ ಮಗುಚಿಕೊಳ್ಳುತ್ತವೆ. ಸತ್ತದ್ದು ಕೊಳೆತು ಉಳಿದವನ್ನೂ ಕೊಲ್ಲುತ್ತದೆ.

ಬದುಕಿದ್ದನ್ನು ಕೊಕ್ಕೆಗೆ ಚುಚ್ಚಿ ಎಸೆದರೆ ತಿನ್ನುವವರಾರು? ದೊಡ್ಡ ಮೀನುಗಳು ಆಗಲೇ ಆಳಕ್ಕಿಳಿದಿರುತ್ತವೆ. ದಡದಲ್ಲಿ ಉಳಿಯುವುದು ಬಾಲವನ್ನಷ್ಟೇ ಕಿತ್ತು ಓಡುವ ಪುಡಿಮೀನು, ಹಲ್ಲಿನಿಂದ ದಾರ ಕತ್ತರಿಸುವ ಪಫರ್ ಮೀನು, ಬೆನ್ನಮುಳ್ಳಿನಲ್ಲಿ ವಿಷ ಇಟ್ಟುಕೊಂಡ ಮೀಸೆಮೀನು.

ನಸುಕಿನ ಉಬ್ಬರವಾದರೂ ಸಿಗಬೇಡವೇ? ಅದು ದಿನಕ್ಕೆ ಸುಮಾರು 50 ನಿಮಿಷ ತಡವಾಗುತ್ತಾ ಉರಿಬಿಸಿಲಿಗೇ ಬಂದು ನಿಲ್ಲುತ್ತದೆ. ಮಧ್ಯಾಹ್ನ ಕಡಲಗಾಳಿ ಎದ್ದಿತೋ, ದಾರಕ್ಕೆ ಕಟ್ಟಿದ 30 ಗ್ರಾಂ ಸೀಸವೂ ಬಿದ್ದಲ್ಲಿ ನಿಲ್ಲದು. ದಾರ ಬಿಲ್ಲಾಗಿ ಬಾಗಿ, ಮೀನು ಕಚ್ಚಿದ್ದೇ ಕೈಗೆ ತಿಳಿಯದು. ರೀಲು ಸುತ್ತಿದರೆ ಬರುವುದು ಪಾಚಿಯ ಕಂತೆ. ಅದನ್ನು ಬಿಡಿಸಹೋದ ಬೆರಳಿಗೆ ದಾರಕ್ಕಂಟಿದ ಲೋಳೆಮೀನಿನ ಎಳೆ ತಾಗಿ ಉರಿ! ದೇಹದಿಂದ ಕಿತ್ತುಹೋದ ಎಳೆಯೂ ಕುಟುಕಬೇಕೇ? ಇಷ್ಟೆಲ್ಲ ಆಗಿ ಒಂದು ಮೀನು ಸಿಕ್ಕರೆ, ಅಷ್ಟರಲ್ಲಿ ಪೆಟ್ಟಿಗೆಯ ಐಸ್ ಕರಗಿ ನೀರು.