ಊಟದ ಡಬ್ಬಿ ಹಿಡಿದು ನಿಂತ ಹಾಡುಗಾರ

1971ರ ಒಂದು ಎಲ್‌ಪಿ ರೆಕಾರ್ಡಿನ ಮುಖಪುಟ ಫೋಟೋ ನನ್ನ ಫೋನಿನಲ್ಲಿ ಯಾವಾಗಲೂ ಇರುತ್ತದೆ. ಇಟ್ಟಿಗೆ ಗೋಡೆ, ಅದರ ಮುಂದೆ ಜೀನ್ಸ್ ತೊಟ್ಟು ನಗುತ್ತಾ ನಿಂತ ಒಬ್ಬ ಕಪ್ಪು ಮನುಷ್ಯ, ಕೈಯಲ್ಲಿ ಊಟದ ಡಬ್ಬಿ. ಲಾಸ್ ಏಂಜಲೀಸ್ ಪಕ್ಕದ ಬರ್ಬ್ಯಾಂಕ್‌ನಲ್ಲಿ ಆತ ಕೆಲಸಕ್ಕಿದ್ದ ಕಾರ್ಖಾನೆಯಲ್ಲೇ, ಊಟದ ಬಿಡುವಿನಲ್ಲಿ ತೆಗೆದ ಫೋಟೋ ಅದು. ವಿಮಾನಗಳ ಟಾಯ್ಲೆಟ್ ಜೋಡಿಸುವುದು ಅಲ್ಲಿ ಆತನ ಕೆಲಸ. ಹೆಸರು ಬಿಲ್ ವಿದರ್ಸ್. ಮೊದಲ ಆಲ್ಬಮ್ 'ಜಸ್ಟ್ ಆ್ಯಸ್ ಐ ಆ್ಯಮ್' ಬಂದಾಗ ವಯಸ್ಸು 32.

ಟಾಯ್ಲೆಟ್ ಜೋಡಿಸುತ್ತಿದ್ದವನಿಗೆ ಅದೃಷ್ಟ ಖುಲಾಯಿಸಿತು ಅಂತಲೇ ಎಲ್ಲರೂ ಈ ಕತೆ ಹೇಳುತ್ತಾರೆ. ನನಗೆ ಅದು ಒಪ್ಪಿಗೆಯಾಗುವುದೇ ಇಲ್ಲ. ಆ 32 ವರ್ಷ ಸುಮ್ಮನೆ ಕಾದು ಕೂತ ಕಾಲವಲ್ಲ. ಹಾಡು ಹುಟ್ಟಿದ್ದೇ ಅಲ್ಲಿ.

ವಿದರ್ಸ್ ಹುಟ್ಟಿದ್ದು 1938ರಲ್ಲಿ, ವೆಸ್ಟ್ ವರ್ಜೀನಿಯಾದ ಸ್ಲ್ಯಾಬ್ ಫೋರ್ಕ್ ಎಂಬ ಕಲ್ಲಿದ್ದಲು ಗಣಿಯ ಊರಿನಲ್ಲಿ. ಆರು ಮಕ್ಕಳಲ್ಲಿ ಕೊನೆಯವನು. ಬೆಳೆದದ್ದು ಹತ್ತಿರದ ಬೆಕ್ಲಿಯಲ್ಲಿ. 13ಕ್ಕೇ ಅಪ್ಪನನ್ನು ಕಳೆದುಕೊಂಡ. ಎಲ್ಲಕ್ಕಿಂತ ಮುಖ್ಯವಾಗಿ, ಆತನಿಗೆ ಉಗ್ಗು ಇತ್ತು. ಒಂದೆರಡು ವರ್ಷವಲ್ಲ, ಮೂವತ್ತರ ಹತ್ತಿರ ಬರುವವರೆಗೂ.

ನನಗೂ ಉಗ್ಗು. ಶಾಲೆಯಲ್ಲಿ ಹಾಜರಿ ಕರೆಯುವಾಗ ನನ್ನ ಹೆಸರು ಬರಲು ಇನ್ನೂ ಹತ್ತು ಹೆಸರಿದೆ ಅನ್ನುವಾಗಲೇ ಅಂಗೈ ಬೆವರುತ್ತಿತ್ತು. ಉಗ್ಗುವವರಿಗೆ ಪ್ರತಿ ಮಾತಿಗೂ ಲೆಕ್ಕ ಇರುತ್ತದೆ. ಯಾವ ಪದ ಗಂಟಲಲ್ಲಿ ಸಿಕ್ಕಿಕೊಳ್ಳುತ್ತದೆ, ಯಾವುದನ್ನು ಬಳಸಿ ದಾಟಬಹುದು ಅಂತ ಬಾಯಿ ತೆರೆಯುವ ಮುಂಚೆಯೇ ನೋಡಿಕೊಳ್ಳುತ್ತೇವೆ. ಚಿಕ್ಕ ಪದ, ಸಲೀಸಾದ ಪದ, ಬೇಕಾದಷ್ಟೇ ಪದ. ವಿದರ್ಸ್ ಹಾಡುಗಳಲ್ಲಿ ಒಂದು ಪದವೂ ಹೆಚ್ಚಿಗೆ ಇಲ್ಲದಿರುವುದು ಅಲ್ಲಿಂದಲೇ ಬಂದದ್ದು ಅಂತ ನಾನು ಗಟ್ಟಿಯಾಗಿ ನಂಬಿದ್ದೇನೆ.

'ಗ್ರ್ಯಾಂಡ್‌ಮಾಸ್ ಹ್ಯಾಂಡ್ಸ್' ಕೇಳಿ. ಅಜ್ಜಿಯ ಮುಖದ ವರ್ಣನೆ ಇಲ್ಲ, ಬರೀ ಕೈಗಳು. ಭಾನುವಾರ ಚರ್ಚಿನಲ್ಲಿ ಚಪ್ಪಾಳೆ ತಟ್ಟುವ ಕೈ, ಒಮ್ಮೊಮ್ಮೆ ನೋವಿಗೆ ಊದಿಕೊಳ್ಳುವ ಕೈ, ಓಡಬೇಡ ಬಿದ್ದೀಯ ಅಂತ ಮೊಮ್ಮಗನನ್ನು ತಡೆಯುವ ಕೈ. ಎರಡೇ ನಿಮಿಷದ ಹಾಡು. ಮಾತು ಬಾರದ ಹುಡುಗ ಅಜ್ಜಿಯ ಪಕ್ಕ ಕೂತು ಆ ಕೈಗಳನ್ನು ಎಷ್ಟು ಹೊತ್ತು ನೋಡಿರಬೇಕು!

ಆಮೇಲೆ ಒಂಬತ್ತು ವರ್ಷ ನೌಕಾಪಡೆ. 1967ರಲ್ಲಿ ಲಾಸ್ ಏಂಜಲೀಸ್. ಗಿರವಿ ಅಂಗಡಿಯಲ್ಲಿ ಅಗ್ಗದ ಗಿಟಾರ್ ಕೊಂಡು ತಾನೇ ಕಲಿತ. ಹಗಲು ಕಾರ್ಖಾನೆ, ಉಳಿದ ಹೊತ್ತು ಹಾಡು. ರೆಕಾರ್ಡ್ ಹೊರಬರುವ ಹೊತ್ತಿಗೂ ಕೆಲಸ ಬಿಡಲು ಮನಸ್ಸಿರಲಿಲ್ಲ, ಸಂಗೀತದ ವ್ಯವಹಾರವನ್ನು ನಂಬಿ ಕೂರುವುದು ಹೇಗೆ ಅಂತ. ಇದನ್ನು ಹೆದರಿಕೆ ಅಂತ ನಾನು ಕರೆಯುವುದಿಲ್ಲ. ಸಂಬಳ ನಿಂತರೆ ಮನೆಯಲ್ಲಿ ಏನಾಗುತ್ತದೆ ಅಂತ ಗಣಿಯ ಊರಿನ ಮಗನಿಗೆ ಗೊತ್ತಿರುತ್ತದೆ.

ಆ ಆಲ್ಬಮ್ಮಿನ 'ಏಂಟ್ ನೋ ಸನ್‌ಶೈನ್' ಮೊದಲು ಬಂದದ್ದು ರೆಕಾರ್ಡಿನ ಹಿಂಬದಿಯ ಹಾಡಾಗಿ. ರೇಡಿಯೊದವರು ರೆಕಾರ್ಡ್ ತಿರುವಿ ಹಾಕಿದರು. ಅದರ ನಡುವೆ 'ಐ ನೋ' ಅನ್ನುವುದು 26 ಸಲ ಬರುತ್ತದೆ. ಅಲ್ಲಿ ಬೇರೆ ಸಾಲು ಬರೆದು ತುಂಬಿಸಬೇಕು ಅಂತ ವಿದರ್ಸ್ ಲೆಕ್ಕ ಹಾಕಿದ್ದ. ಆದರೆ ಸ್ಟುಡಿಯೋದಲ್ಲಿ ನಿರ್ಮಾಪಕ ಬೂಕರ್ ಟಿ. ಜೋನ್ಸ್ ಅವರಂಥ ಪಳಗಿದ ಸಂಗೀತಗಾರರಿದ್ದರು. ಹಾಗೇ ಬಿಡು, ಚೆನ್ನಾಗಿದೆ ಅಂದರು. ಹೊಸಬ ಅವರ ಮಾತು ಕೇಳಿದ. ಆ ಹಾಡಿಗೆ ಗ್ರ್ಯಾಮಿ ಬಂತು. 1972ರಲ್ಲಿ 'ಲೀನ್ ಆನ್ ಮಿ' ಅಮೆರಿಕದ ಜನಪ್ರಿಯ ಹಾಡುಗಳ ಪಟ್ಟಿಯಲ್ಲಿ ಮೊದಲ ಸ್ಥಾನಕ್ಕೇರಿತು. 1985ರ ಆಲ್ಬಮ್ಮೇ ಕೊನೆ. ಆಮೇಲೆ 2020ರಲ್ಲಿ ತೀರಿಕೊಳ್ಳುವವರೆಗೂ ಇನ್ನೊಂದು ಆಲ್ಬಮ್ ಮಾಡಲಿಲ್ಲ.

ಫೋನಿನಲ್ಲಿ ಹೆಸರು ಹೇಳುವಾಗ ನನಗೆ ಇವತ್ತಿಗೂ ಮೊದಲ ಅಕ್ಷರ ಸಿಕ್ಕಿಕೊಳ್ಳುತ್ತದೆ. ಅಡುಗೆಮನೆಯಲ್ಲಿ ಒಬ್ಬನೇ ಇದ್ದಾಗ 'ಏಂಟ್ ನೋ ಸನ್‌ಶೈನ್' ಹಾಕಿಕೊಂಡು ಜೊತೆಗೆ ಹಾಡುತ್ತೇನೆ. 26 ಸಲವೂ 'ಐ ನೋ' ಸರಾಗವಾಗಿ ಹೊರಬರುತ್ತದೆ.